ಹಾವು ಮನೆಗೆ ಬಂದಿದೆ, ಇನ್ನು 15 ದಿನ ಅದನ್ನು ಮುಟ್ಟಬೇಡಿ

ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ: ಬೇರೆಯವರು ಸಾಕಿದ ಹಾವನ್ನು ತಂದುಕೊಂಡಿದ್ದೇವೆ, ಅದು ನಮಗೆ ಒಗ್ಗಿಕೊಳ್ಳುತ್ತಿಲ್ಲ, ಏನು ಮಾಡಬೇಕು? ಏನು ಮಾಡಬಾರದು ಎಂದು ಒಬ್ಬರೂ ಕೇಳಿಲ್ಲ. ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆಯಾಗಿ ನನಗೆ ಬೇಸರವಾಗುವುದು ಇದೇ ಕಾರಣಕ್ಕೆ. ನನ್ನ ಮೇಜಿನ ಮೇಲೆ ಬಂದು ಮಲಗುವ ಹಾವುಗಳಲ್ಲಿ ಬಹಳಷ್ಟಕ್ಕೆ ಮೊದಲು ಯಾವ ರೋಗವೂ ಇರಲಿಲ್ಲ. ಮನೆಯವರ ಅತಿಯಾದ ಆರೈಕೆಯೇ ಅವನ್ನು ಅಲ್ಲಿಗೆ ತಂದಿರುತ್ತದೆ. ಈ ಸಲ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಕೆಲವೇ ಸಾಲು. ನೀರಿನ ಬಟ್ಟಲು ಇಡಬೇಕೇ, ಗೂಡಿಗೆ ಚಿಲಕ ಬೇಕೇ ಎಂಬಂಥ ಪ್ರಶ್ನೆಗಳನ್ನು ಕೈಬಿಟ್ಟಿದ್ದೇನೆ. ಅಷ್ಟು ತಿಳಿಯದವರು ಹಾವನ್ನು ತರಲೇಬಾರದಿತ್ತು.

ಪ್ರಶ್ನೆ: ಕೆನಡಾಕ್ಕೆ ಹೊರಟ ಸ್ನೇಹಿತರು ತಮ್ಮ ನಾಲ್ಕು ವರ್ಷದ ಬಾಲ್ ಪೈಥಾನ್ ಹಾವನ್ನು ನಮಗೆ ಕೊಟ್ಟು ಹೋದರು. ಅವರ ಮನೆಯಲ್ಲಿ ಬಹಳ ಸಾಧುವಾಗಿತ್ತು. ಇಲ್ಲಿಗೆ ಬಂದು 12 ದಿನವಾಯಿತು, ಇಲಿಯನ್ನು ಮುಟ್ಟಿಲ್ಲ. ಅಭ್ಯಾಸವಾಗಲೆಂದು ನಾನೂ ಮಗಳೂ ದಿನಕ್ಕೆರಡು ಸಲ ಕೈಗೆತ್ತಿಕೊಳ್ಳುತ್ತೇವೆ. ಬುಸುಗುಟ್ಟುತ್ತದೆ, ಉಂಡೆಯಾಗುತ್ತದೆ, ನಿನ್ನೆ ಮಗಳ ಕಡೆಗೆ ಎರಗಿತು. ಹಳೆಯ ಒಡೆಯರ ನೆನಪಿನಿಂದ ನಮ್ಮ ಮೇಲೆ ಕೋಪವೇ? (ಜಯನಗರ, ಬೆಂಗಳೂರು)

ಕೋಪವೂ ಅಲ್ಲ, ನೆನಪೂ ಅಲ್ಲ. ಅದು ಭಯ. ದಿನಕ್ಕೆರಡು ಸಲ ಆ ಭಯವನ್ನು ಹೊಸದು ಮಾಡುತ್ತಿರುವವರು ನೀವು.

ಈ ಹಾವು ಎಲ್ಲಿಯದೆಂದು ಮೊದಲು ಯೋಚಿಸಿ. ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ನಾಡುಗಳಲ್ಲಿ ಇದು ಹಗಲೆಲ್ಲ ಇಲಿಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಕಳೆಯುತ್ತದೆ. ಹುತ್ತದೊಳಗೆ ಮೈಯ ಸುತ್ತಲೂ ಗೋಡೆ ತಾಗುತ್ತಿರುತ್ತದೆ, ಕತ್ತಲಿರುತ್ತದೆ, ಒಂದೇ ಬಾಗಿಲಿರುತ್ತದೆ. ಹೊರಬರುವುದು ಇರುಳಿನಲ್ಲಿ. ಹೆದರಿದಾಗ ತಲೆಯನ್ನು ಮೈಯ ಸುರುಳಿಯ ನಡುವೆ ಬಚ್ಚಿಟ್ಟು ಚೆಂಡಿನಂತಾಗುತ್ತದೆ; ಅದರ ಹೆಸರೇ ಅಲ್ಲಿಂದ ಬಂದದ್ದು. ಅಂಥ ಜೀವವನ್ನು ನೀವು ಕಾರಿನಲ್ಲಿ ಕುಲುಕಿಸಿ ತಂದು, ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ತೋರಿಸಿದ್ದೀರಿ. ಮೇಲಿನಿಂದ ಇಳಿಯುವ ಕೈಗೂ ಹದ್ದಿನ ಕಾಲಿಗೂ ವ್ಯತ್ಯಾಸ ತಿಳಿಯಲು ಅದಕ್ಕೆ ಸಮಯ ಬೇಕು.

ಹಾಗಾಗಿ ಇಂದಿನಿಂದ 15 ದಿನ ಅದನ್ನು ಮುಟ್ಟಬೇಡಿ. ನೀರು ಬದಲಿಸಲು, ಹಿಕ್ಕೆ ತೆಗೆಯಲು ಮಾತ್ರ ಗೂಡನ್ನು ತೆರೆಯಿರಿ. ಫೋಟೊ ತೆಗೆಯುವುದು, ಅತಿಥಿಗಳಿಗೆ ತೋರಿಸುವುದು, ಗಾಜು ತಟ್ಟಿ ಕರೆಯುವುದು ಯಾವುದೂ ಬೇಡ. ಈಗಾಗಲೇ ಕಳೆದ 12 ದಿನ ಲೆಕ್ಕಕ್ಕೆ ಬರುವುದಿಲ್ಲ. 15 ದಿನ ಮುಗಿದ ಮೇಲೂ ತಾನಾಗಿ ಮೂರು ಸಲ ಆಹಾರ ತಿನ್ನುವ ತನಕ ಕಾಯಿರಿ ಎಂದು ನಾನು ಹೇಳುತ್ತೇನೆ. ಇದು ಅತಿಯೆಂದು ಹೇಳುವ ಸಾಕಣೆದಾರರಿದ್ದಾರೆ. ಕಾದು ಹಾವನ್ನು ಕಳೆದುಕೊಂಡವರನ್ನು ನಾನು ನೋಡಿಲ್ಲ, ಅವಸರಪಟ್ಟು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

‘ದಿನಾ ಹಿಡಿದರೆ ಪಳಗುತ್ತದೆ’ ಎಂದು ಮಾರುವವರು ಹೇಳಿಕೊಡುತ್ತಾರೆ. ಈ ಮಾತು ನಾಯಿಮರಿಗೆ ಹೊಂದಬಹುದು. ಹಾವಿಗೆ ನಿಮ್ಮ ಪ್ರೀತಿ ಬೇಕಿಲ್ಲ, ಅಪಾಯವಿಲ್ಲ ಎಂಬ ಭರವಸೆ ಬೇಕು. ಬಲವಂತವಾಗಿ ಹಿಡಿದಾಗ ಅದು ಕೈಯಲ್ಲಿ ಅಲುಗಾಡದೆ ಬಿದ್ದುಕೊಂಡರೆ ಪಳಗಿತೆಂದು ಸಂಭ್ರಮಪಡಬೇಡಿ. ತಪ್ಪಿಸಿಕೊಳ್ಳುವ ದಾರಿ ಕಾಣದ ಪ್ರಾಣಿ ಹಾಗೆ ಮಾಡುತ್ತದೆ. ನೆಮ್ಮದಿಯಾಗಿರುವ ಹಾವು ಮೆಲ್ಲಗೆ ಚಲಿಸುತ್ತದೆ, ಆಗಾಗ ನಾಲಿಗೆ ಹೊರಚಾಚಿ ವಾಸನೆ ಹಿಡಿಯುತ್ತದೆ.

ಈ ದಿನಗಳಲ್ಲಿ ನಿಮ್ಮ ಕೆಲಸ ಗೂಡಿನದು. ಅಡಗಲು ಒಂದಲ್ಲ, ಎರಡು ಜಾಗ ಬೇಕು: ಬೆಚ್ಚಗಿನ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು, ಎರಡೂ ಒಂದೇ ಬಗೆಯವು. ಒಂದೇ ಇದ್ದರೆ ಹಾವು ಅಡಗುವುದನ್ನೋ ಮೈ ಬೆಚ್ಚಗಿಡುವುದನ್ನೋ ಬಿಡಬೇಕಾಗುತ್ತದೆ, ಮತ್ತು ಹೆದರಿದ ಹಾವು ಬೆಚ್ಚಗಿರುವುದನ್ನೇ ಬಿಡುತ್ತದೆ. ಜಾಗ ವಿಶಾಲವಾಗಿರಬಾರದು; ಸುರುಳಿ ಸುತ್ತಿಕೊಂಡಾಗ ಮೈಗೆ ಗೋಡೆ ತಾಗಬೇಕು. ದುಬಾರಿ ಬೆಲೆಯ ಪ್ಲಾಸ್ಟಿಕ್ ಗುಹೆ ಬೇಕಿಲ್ಲ. ಸಣ್ಣ ಮಣ್ಣಿನ ಮಡಕೆಯ ಅಂಚಿನಲ್ಲಿ ಬಾಯಿ ಮಾಡಿ, ಚೂಪನ್ನು ಉಜ್ಜಿ ನುಣುಪಾಗಿಸಿ ಮಗುಚಿಟ್ಟರೆ ಸಾಕು. ಗೂಡಿನ ಮೂರು ಕಡೆಗೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ. ಬೆಳೆದ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಗೂಡು ಸರಿ, ಆದರೆ ಒಳಗೆ ಬಯಲು ಇರಬಾರದು. ಎಲೆ, ಕೊಂಬೆ, ತೊಗಟೆಗಳಿಂದ ತುಂಬಿಸಿ. ಟಿವಿ, ಮಿಕ್ಸರ್, ಬಟ್ಟೆ ಒಗೆಯುವ ಯಂತ್ರಗಳಿಂದ ದೂರವಿಡಿ. ನೆಲದ ಅದುರುವಿಕೆಯನ್ನು ಹಾವು ಇಡೀ ಮೈಯಿಂದ ಗ್ರಹಿಸುತ್ತದೆ.

ಶಾಖದ ವಿಷಯದಲ್ಲಿ ಅಂದಾಜು ಬೇಡವೇ ಬೇಡ. ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿ 24ರಿಂದ 27. ಡಿಸೆಂಬರ್ ಇರುಳುಗಳಲ್ಲಿ ಬೆಂಗಳೂರು 16 ಡಿಗ್ರಿಗೆ ಇಳಿಯುತ್ತದೆ. ‘ನಮ್ಮದು ಬಿಸಿಲ ದೇಶ, ಹೀಟರ್ ಯಾಕೆ’ ಎನ್ನುವವರು ಇದನ್ನು ಮರೆಯುತ್ತಾರೆ. ಮೈ ತಂಪಾದ ಹಾವಿಗೆ ಹಸಿವಾಗುವುದಿಲ್ಲ, ತಿಂದರೂ ಅರಗುವುದಿಲ್ಲ, ಕೊನೆಗೆ ಕಾರಿಕೊಳ್ಳುತ್ತದೆ. ಗೂಡಿನ ಅಡಿ ಬೆಚ್ಚಗಿಡುವ ಹೀಟ್ ಮ್ಯಾಟ್ ಇದ್ದರೆ ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಮೇಲೆ ಮಲಗಿ ಹೊಟ್ಟೆಯ ಹುರುಪೆಗಳೆಲ್ಲ ಸುಟ್ಟುಹೋದ ಹಾವಿಗೆ ನಾನು ಎರಡು ತಿಂಗಳು ಔಷಧಿ ಹಚ್ಚಿದ್ದೇನೆ. ನೆಲ ಸುಡುತ್ತಿದ್ದರೂ ಅದು ಬೇಗ ಎದ್ದು ಹೋಗುವುದಿಲ್ಲ. ವಿದ್ಯುತ್ ಹೋದರೆ ಗೂಡಿಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಿನಿಂದ ತಾಗಿಸಿಡಿ. ಗಾಳಿಯಾಡುವ ಕಿಂಡಿ ಮುಚ್ಚಬೇಡಿ. ತೇವಾಂಶ ಶೇ 60ರ ಆಸುಪಾಸಿನಲ್ಲಿರಲಿ. ಅದಕ್ಕೆ ನಮ್ಮ ತೆಂಗಿನ ನಾರಿನ ಪುಡಿಗಿಂತ ಒಳ್ಳೆಯ ಹಾಸು ನನಗೆ ಗೊತ್ತಿಲ್ಲ. ಆದರೆ ನಿಮ್ಮದು ಬೇರೆ ಮನೆಯಿಂದ ಬಂದ ಹಾವು, ಮೊದಲ ತಿಂಗಳು ಬಿಳಿ ಕಾಗದವನ್ನೇ ಹಾಸಿ, ತೇವವನ್ನು ಅಡಗುವ ಜಾಗದೊಳಗಿನ ಒದ್ದೆ ಪಾಚಿಯಿಂದ ಕೊಡಿ. ಕಾಗದದ ಮೇಲೆ ಹಾವಿನ ನುಸಿ ಇದ್ದರೆ ಕರಿಯ ಚುಕ್ಕೆಗಳಾಗಿ ಕಾಣುತ್ತದೆ, ಹಿಕ್ಕೆಯ ಸ್ಥಿತಿಯೂ ತಿಳಿಯುತ್ತದೆ.

ಇನ್ನು ಊಟ. ನಿಮ್ಮ ಸ್ನೇಹಿತರಿಗೆ ಇಂದೇ ಕರೆ ಮಾಡಿ ಕೇಳಿ: ಇಲಿಯೋ ಸುಂಡಿಲಿಯೋ, ಎಷ್ಟು ದೊಡ್ಡದು, ಜೀವಂತವೋ ಹೆಪ್ಪುಗಟ್ಟಿಸಿದ್ದೋ, ಯಾವ ಹೊತ್ತಿಗೆ, ಕೊನೆಯ ಸಲ ಎಂದು, ಗೂಡಿನ ಶಾಖ ಎಷ್ಟಿತ್ತು. ಹಾವು ಕೊಡುವಾಗಲೇ ಕೇಳಬೇಕಾಗಿದ್ದ ಈ ಪ್ರಶ್ನೆಗಳನ್ನು ನನಗೆ ಬರೆದವರಲ್ಲಿ ಯಾರೂ ಕೇಳಿರಲಿಲ್ಲ. ಸಾಧ್ಯವಾದರೆ ಹಳೆಯ ಗೂಡನ್ನೇ, ಹಳೆಯ ಅಡಗುವ ಜಾಗವನ್ನೇ ತರಿಸಿಕೊಳ್ಳಿ. ತನ್ನದೇ ವಾಸನೆ ಇರುವ ಜಾಗದಲ್ಲಿ ಹಾವು ಬೇಗ ಸಮಾಧಾನಗೊಳ್ಳುತ್ತದೆ. ಮುಟ್ಟದೆ ಒಂದು ವಾರ ಬಿಟ್ಟು, ಕತ್ತಲಾದ ಮೇಲೆ ಮೊದಲ ಇಲಿಯನ್ನು ಕೊಡಿ. ಅದು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಅಗಲವಿರಬಾರದು. ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಿ, ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗಾಗಿಸಿ. ಮೈಕ್ರೋವೇವ್ ಬೇಡ. ಈ ಹಾವಿನ ತುಟಿಗಳ ಮೇಲೆ ಶಾಖ ಗ್ರಹಿಸುವ ಕುಳಿಗಳಿವೆ, ತಣ್ಣನೆಯ ಇಲಿ ಅದಕ್ಕೆ ಬೇಟೆಯಾಗಿ ತೋರುವುದೇ ಇಲ್ಲ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಅಡಗಿರುವ ಜಾಗದ ಬಾಯಿಯ ಹತ್ತಿರ ಮೆಲ್ಲಗೆ ಅಲುಗಿಸಿ. ಹಿಡಿಯದಿದ್ದರೆ ಅಲ್ಲೇ ಇಟ್ಟು, ದೀಪವಾರಿಸಿ, ಕೋಣೆಯಿಂದ ಹೊರಗೆ ಬನ್ನಿ. ಬೆಳಿಗ್ಗೆ ಹಾಗೇ ಇದ್ದರೆ ಎಸೆದು, ಮತ್ತೆ ಒಂದು ವಾರ ಸುಮ್ಮನಿರಿ. ದಿನವೂ ಮೂತಿಗೆ ಇಲಿ ಹಿಡಿಯುವುದರಿಂದ ಹಟ ಹೆಚ್ಚುತ್ತದೆ.

ತಿನ್ನದಿರುವುದನ್ನು ನೋಡಿ ಗಾಬರಿಯಾಗಬೇಡಿ. ಬೆಳೆದ, ಆರೋಗ್ಯವಂತ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಚಳಿಗಾಲದಲ್ಲಿ, ಬೆದೆಗಾಲದಲ್ಲಿ, ಪೊರೆ ಬಿಡುವ ಮೊದಲು ಊಟ ಬಿಡುವುದು ಅದರ ರೀತಿ. ಆದರೆ ಕಣ್ಣಳತೆಯನ್ನು ನಂಬಬೇಡಿ. 15 ದಿನ ಮುಗಿದ ಮೇಲೆ ವಾರಕ್ಕೊಮ್ಮೆ, ಅದು ಕೂತಿರುವ ಅಡಗುವ ಜಾಗದ ಸಮೇತ ಡಬ್ಬಿಗೆ ಸರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೊದಲಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ವೈದ್ಯರ ಬಳಿಗೆ ಬನ್ನಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆ, ತಲೆ ಹಿಂದಕ್ಕೆ ವಾಲಿ ಆಕಾಶ ನೋಡುವುದು, ಇವುಗಳಲ್ಲಿ ಒಂದು ಕಂಡರೂ ತೂಕದ ಲೆಕ್ಕ ಬಿಟ್ಟು ಅದೇ ದಿನ ಬನ್ನಿ.

ಬಾಯಿ ಬಿಡಿಸಿ ತುರುಕುವವರನ್ನು ಮಾತ್ರ ಮನೆಗೆ ಕರೆಯಬೇಡಿ. ಕಳೆದ ವರ್ಷ ನನ್ನಲ್ಲಿಗೆ ಬಂದ ಒಂದು ಹಾವಿಗೆ, ‘ಹಾವಿನ ತಜ್ಞ’ ಎಂದು ಹೇಳಿಕೊಂಡವನೊಬ್ಬ ಹಣ ಪಡೆದು ಕೋಳಿಮಾಂಸದ ತುಂಡುಗಳನ್ನು ಕಡ್ಡಿಯಿಂದ ಗಂಟಲಿಗೆ ತಳ್ಳಿದ್ದ. ಬಾಯೊಳಗೆ ಹರಿದು ಕೀವಾಗಿತ್ತು, ದವಡೆ ಓರೆಯಾಗಿತ್ತು. ಉಳಿಸಲಾಗಲಿಲ್ಲ. ಹಾವನ್ನು ಮನೆಗೆ ತಂದು ಮೂರನೆಯ ವಾರ ಅಷ್ಟೇ. ಹಸಿವಿನಿಂದ ಸಾಯಲು ಅದಕ್ಕೆ ಇನ್ನೂ ತಿಂಗಳುಗಳೇ ಬೇಕಿದ್ದವು. ಆ ಮನೆಯ ಹುಡುಗ ತೂಕ ಬರೆದಿಟ್ಟಿದ್ದ ಪುಸ್ತಕವನ್ನು ತಂದು ನನ್ನ ಮುಂದಿಟ್ಟ. ಇಳಿದದ್ದು ಬರೀ 20 ಗ್ರಾಂ.

ಕೈಗೆತ್ತುವ ದಿನ ಬಂದಾಗ: ಊಟವಾಗಿ 48 ಗಂಟೆ ಕಳೆದಿರಬೇಕು, ಕಣ್ಣು ನೀಲಿಗಟ್ಟಿರಬಾರದು (ಪೊರೆ ಬಿಡುವ ಮೊದಲು ಹಾಗಾಗುತ್ತದೆ), ಕೈಯಲ್ಲಿ ಇಲಿಯ ವಾಸನೆ ಇರಬಾರದು. ಮೇಲಿನಿಂದಲ್ಲ, ಪಕ್ಕದಿಂದ ಕೈ ನೀಡಿ ಮೈಯ ನಡುಭಾಗವನ್ನು ಅಡಿಯಿಂದ ಎತ್ತಿ. ಕುತ್ತಿಗೆ ಹಿಡಿಯಬೇಡಿ, ತಲೆ ಸವರಬೇಡಿ. ಮೊದಲ ಸಲ ಐದು ನಿಮಿಷ ಸಾಕು, ನೆಲದ ಮೇಲೆ ಕುಳಿತುಕೊಂಡೇ. ಉಂಡೆಯಾದರೆ ಅಲ್ಲಾಡದೆ ಕಾದು, ಬಿಡಿಸಿಕೊಂಡ ಮೇಲೆ ಗೂಡಿಗೆ ಬಿಡಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ನಿಮ್ಮ ಮಗಳಿಗೆ ಇದನ್ನು ಓದಿ ಹೇಳಿ. ಮಕ್ಕಳಿಗೆ ಕಾರಣ ತಿಳಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಕಾಯುತ್ತಾರೆ.

ಪ್ರಶ್ನೆ: ನಾಗರಪಂಚಮಿಗೆ ನಮ್ಮ ಹಾವಿಗೆ ಸ್ವಲ್ಪ ಹಾಲು ಕೊಡಬಹುದೇ? (ಮೈಸೂರು)

ಬೇಡ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದಕ್ಕೆ ಹಾಲು ಅರಗುವುದಿಲ್ಲ. ಹಾವಾಡಿಗರ ಬುಟ್ಟಿಯ ಹಾವು ಕುಡಿಯುವುದು ದಿನಗಟ್ಟಲೆ ನೀರಿಲ್ಲದೆ ಒಣಗಿಸಿದ್ದರಿಂದ, ಮತ್ತು ಕುಡಿದ ಮೇಲೆ ಬಹಳಷ್ಟು ಸಾಯುತ್ತವೆ. ಅರಿಶಿನ ಕುಂಕುಮವನ್ನೂ ಹುರುಪೆಗಳ ಮೇಲೆ ಹಚ್ಚಬೇಡಿ. ಕಲ್ಲಿನ ನಾಗನಿಗೆ ಎರೆಯಿರಿ.

ಪ್ರಶ್ನೆ: ಗೂಡಿನ ಹತ್ತಿರ ಸಾಂಬ್ರಾಣಿ ಹೊಗೆ ಹಾಕಿದರೆ ಹಾವು ಶಾಂತವಾಗುತ್ತದೆಯಂತೆ, ನಿಜವೇ? (ದಾವಣಗೆರೆ)

ಉಸಿರು ಕಟ್ಟಿ ಮಂಕಾಗುತ್ತದೆ, ಅದನ್ನು ಶಾಂತಿ ಎಂದು ಕರೆಯಬೇಡಿ. ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ, ಜಿರಲೆ ಔಷಧಿ, ಫಿನಾಯಿಲ್ ಯಾವುದೂ ಆ ಕೋಣೆಯಲ್ಲಿ ಬೇಡ.

ಪ್ರಶ್ನೆ: ಜೀವಂತ ಇಲಿ ಬಿಟ್ಟರೆ ಬೇಟೆಯ ಹುರುಪು ಬರುವುದಿಲ್ಲವೇ? (ಮಂಗಳೂರು)

ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಬಿಟ್ಟ ಇಲಿ, ಹಾವನ್ನೇ ತಿನ್ನುತ್ತದೆ. ಬೆನ್ನೆಲುಬು ಕಾಣುವಂತೆ ಕಡಿದದ್ದನ್ನು ನಾನು ಹೊಲಿದಿದ್ದೇನೆ.

ಪ್ರಶ್ನೆ: ಗೂಡಿನಲ್ಲೇ ಊಟ ಕೊಟ್ಟರೆ ಕೈ ಕಚ್ಚುವ ಅಭ್ಯಾಸವಾಗುತ್ತದೆಯೇ? ಬೇರೆ ಡಬ್ಬಿಯಲ್ಲಿ ಕೊಡಬೇಕೇ? (ಹುಬ್ಬಳ್ಳಿ)

ಇಲ್ಲ. ಊಟದ ಮೊದಲೂ ನಂತರವೂ ಎತ್ತಿಡುವುದರಿಂದಲೇ ಕಚ್ಚಿಸಿಕೊಳ್ಳುವಿರಿ, ಹಾವು ಕಾರಿಕೊಳ್ಳಲೂಬಹುದು.

ಪ್ರಶ್ನೆ: ಮಗನಿಗೆಂದು ಆಶ್ರಯಕೇಂದ್ರದಿಂದ ಕಾರ್ನ್ ಸ್ನೇಕ್ ತಂದೆವು. ಹತ್ತಿರ ಹೋದರೆ ಬಾಲವನ್ನು ಪಟಪಟನೆ ಅಲ್ಲಾಡಿಸುತ್ತದೆ. ಬುಡುಬುಡಿಕೆ ಹಾವಿನ (ರ್ಯಾಟಲ್ ಸ್ನೇಕ್) ಮಿಶ್ರತಳಿಯೇ? (ಡಲ್ಲಾಸ್)

ಅಲ್ಲ, ಹೆದರಿದ ಕಾರ್ನ್ ಸ್ನೇಕ್ ಹಾಗೇ ಮಾಡುತ್ತದೆ. ಮೇಲಿನ ಉತ್ತರವೇ ನಿಮಗೂ, ಆದರೆ ಬೆಚ್ಚಗಿನ ತುದಿ 29ರಿಂದ 31 ಡಿಗ್ರಿ ಸಾಕು. ಬೆರಳು ತೂರುವ ಸಂದಿಯಿದ್ದರೆ ಈ ಹಾವು ಇಂದು ರಾತ್ರಿಯೇ ಹೊರಗಿರುತ್ತದೆ, ಮುಚ್ಚಳ ನೋಡಿಕೊಳ್ಳಿ.

ಪ್ರಶ್ನೆ: ಒಬ್ಬರು ಎರಡು ತಲೆ ಹಾವು ಕೊಡುತ್ತೇವೆ, ಮನೆಗೆ ಅದೃಷ್ಟ ಬರುತ್ತದೆ ಎನ್ನುತ್ತಿದ್ದಾರೆ. ಹೇಗೆ ಒಗ್ಗಿಸುವುದು? (ತುಮಕೂರು)

ಅದು ಮಣ್ಣುಮುಕ್ಕ ಹಾವು. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ. ನಮ್ಮ ನಾಡಿನ ಇಂಥ ಕಾಡುಹಾವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟದ ಹೆಸರಿನಲ್ಲಿ ಈ ಬಡಪಾಯಿ ಹಾವುಗಳನ್ನು ಹಿಡಿದು ಮಾರುವವರು ವಂಚಕರು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತಿಳಿಸಿ.

ಪ್ರಶ್ನೆ: ಬಾಲ್ ಪೈಥಾನ್ ವಿದೇಶಿ ಹಾವು ತಾನೇ, ಕಾಗದಪತ್ರ ಯಾಕೆ? (ಬೆಂಗಳೂರು)

ಕಾಡುಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿ ಅದಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಟ್ಟುಕೊಂಡಿರುವುದು, ಕೈ ಬದಲಾದದ್ದು, ಮರಿಯಾದದ್ದು, ಸತ್ತದ್ದು ಎಲ್ಲವನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ತಿಳಿಸಬೇಕು. ಜಯನಗರದವರೂ ಇದನ್ನು ಗಮನಿಸಿ: ಸ್ನೇಹಿತರ ನೋಂದಣಿಪತ್ರ ಕೈಗೆ ಬಂದಿಲ್ಲವಾದರೆ ಅವರಿಗೆ ಮಾಡುವ ಕರೆಯಲ್ಲಿ ಅದನ್ನೂ ಕೇಳಿ.

ಪ್ರಶ್ನೆ: ಬಾಲ್ ಪೈಥಾನ್ ತಂದು ಆರು ತಿಂಗಳಾಯಿತು, ಮನೆಯಲ್ಲಿ ಯಾರಿಗೂ ಈಗ ಆಸಕ್ತಿಯಿಲ್ಲ. ಬನ್ನೇರುಘಟ್ಟದ ಕಾಡಿನಂಚಿಗೆ ಬಿಟ್ಟರೆ ಬದುಕಿಕೊಳ್ಳುವುದಿಲ್ಲವೇ? (ಬೆಂಗಳೂರು)

ಬಿಡಬೇಡಿ. ಅದು ಬದುಕದಿದ್ದರೆ ನೀವು ಕೊಂದಂತೆ. ಬದುಕಿದರೆ ಅದರ ಮೈಯ ನುಸಿ, ರೋಗಗಳು ನಮ್ಮ ಹಾವುಗಳಿಗೆ ದಾಟಬಹುದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಮೊಟ್ಟೆಯಿಟ್ಟ ಬಾಲ್ ಪೈಥಾನ್‌ಗೆ 62 ವರ್ಷ ದಾಟಿತ್ತು. ನೀವು ತಂದದ್ದು ಅಂಥ ಜೀವ. ನೋಂದಣಿಯಿರುವ, ಅನುಭವವಿರುವ ಸಾಕಣೆದಾರರೊಬ್ಬರನ್ನು ಹುಡುಕಿ, ಕಾನೂನಿನ ಪ್ರಕಾರ ವರ್ಗಾಯಿಸಿ. ಸಿಗುವ ತನಕ ಗೂಡಿನ ಶಾಖವನ್ನು ದಿನವೂ ನೋಡಿ. ಕೊಡುವ ದಿನ ಅದರ ಅಡಗುವ ಮಡಕೆಯನ್ನೂ ತೊಳೆಯದೆ ಜೊತೆಗೆ ಕಳಿಸಿ.