ಬಿಎಂಡಬ್ಲ್ಯು ಎಫ್30 ಚಕ್ರ ಜಿ20ಗೆ ಕೂರುತ್ತಾ?
ಬಿಎಂಡಬ್ಲ್ಯುನ ಹಳೇ ತಲೆಮಾರಿನ ಎಫ್30 ತ್ರೀ ಸೀರೀಸ್‌ನ ಅಲಾಯ್‌ಗಳನ್ನ ಅದರ ನಂತರದ ತಲೆಮಾರಿನ ಜಿ20 ಎಂ340ಐ ಕಾರಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ನೇರವಾಗಿ ಕೂರಲ್ಲ. ಎರಡಕ್ಕೂ ಬೋಲ್ಟ್ ಐದೇ, ಆದರೆ ಎಫ್30ರ ಬೋಲ್ಟ್ ವೃತ್ತ (ಬೋಲ್ಟ್ ಕೂರುವ ವೃತ್ತದ ವ್ಯಾಸ) 120 ಮಿ.ಮೀ., ಜಿ20ದು 112. ನಡುವಿನ ರಂಧ್ರವೂ 72.6ರಿಂದ 66.6ಕ್ಕೆ ಇಳಿದಿದೆ. ಹಬ್‌ಗೂ ಚಕ್ರಕ್ಕೂ ನಡುವೆ ಹಾಕೋ ಅಡಾಪ್ಟರ್ ಸಿಗುತ್ತೆ, ಆದರೆ ಅದರ ದಪ್ಪದಷ್ಟೂ ಚಕ್ರ ಹೊರಗೆ ಬಂದು ಫೆಂಡರ್‌ಗೆ ಉಜ್ಜೋ ಪಾಡು. ಆ ಸಹವಾಸವೇ ಬೇಡ, ಹಳೇ ಚಕ್ರ ಮಾರಿಬಿಡಿ.

5×112ರದ್ದೇ, ಅಂದ್ರೆ ಐದು ಬೋಲ್ಟ್, 112 ಮಿ.ಮೀ. ವೃತ್ತದ ಚಕ್ರಗಳನ್ನೇ ಕೊಳ್ಳಿ. ಹೊರಗಿನ ಕಂಪನಿಯ ಚಕ್ರದ ರಂಧ್ರ 66.6ಕ್ಕಿಂತ ದೊಡ್ಡದಿದ್ದರೆ ಆ ಸಂದು ತುಂಬೋ ಬಳೆ, ಅಂದ್ರೆ ಹಬ್ ರಿಂಗ್, ಹಾಕಲೇಬೇಕು. ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲ್ಲ. ಎಂ14×1.25 ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ 140 ನ್ಯೂಟನ್ ಮೀಟರ್‌ಗೆ ಬಿಗಿಸಿ, ನೂರು ಕಿ.ಮೀ. ಓಡಿಸಿ ಬಿಗಿತ ಮತ್ತೊಮ್ಮೆ ನೋಡಿ.