ಅಮೆರಿಕದ ರಾಷ್ಟ್ರೀಯ ಅರಣ್ಯದೊಳಗಿನ ವನ್ಯಜೀವಿಧಾಮದಲ್ಲಿ ಮರ ಕಡಿತ, ಬೇಟೆ ಎರಡೂ ನಿಷಿದ್ಧವೇ?

ಅಮೆರಿಕದ ರಾಷ್ಟ್ರೀಯ ಅರಣ್ಯದ ಒಂದು ಭಾಗವನ್ನು ವನ್ಯಜೀವಿಧಾಮವೆಂದು ಘೋಷಿಸಿದ ಮೇಲೆ ಅಲ್ಲಿ ಮರ ಕಡಿಯುವುದೂ ಬೇಟೆಯಾಡುವುದೂ ನಿಂತುಹೋಗುತ್ತವೆಯೇ ಎಂದು ಕೇಳಿದ್ದೀರಿ. ತಾನಾಗಿಯೇ ನಿಲ್ಲುವುದಿಲ್ಲ. ನಮ್ಮ ಅಭಯಾರಣ್ಯಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದೇ ಆಧಾರವಾಗಿರುವುದರಿಂದ ಅಲ್ಲಿಯೂ ಹಾಗೆಯೇ ಇರಬೇಕೆಂದು ನಾನೂ ಮೊದಲು ಭಾವಿಸಿದ್ದೆ. ಕೇಂದ್ರದ ಭೂಮಿ, ನೈಸರ್ಗಿಕ ಸಂಪತ್ತುಗಳನ್ನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ಅಧೀನದಲ್ಲಿರುವ ರಾಷ್ಟ್ರೀಯ ವನ್ಯಜೀವಿಧಾಮಗಳ ಮಾತು ಬೇರೆ. ರಾಷ್ಟ್ರೀಯ ಅರಣ್ಯದೊಳಗಿನ ಧಾಮಗಳು ಕೃಷಿ ಇಲಾಖೆಗೆ ಸೇರಿದ ಫಾರೆಸ್ಟ್ ಸರ್ವಿಸ್‌ನ ಕೈಯಲ್ಲೇ ಉಳಿಯುತ್ತವೆ. ಅವಕ್ಕೆ ಸಿಗುವ ರಕ್ಷಣೆ ಎಷ್ಟೆಂಬುದನ್ನು ಆಯಾ ಧಾಮವನ್ನು ಹುಟ್ಟುಹಾಕಿದ ಕಾಯ್ದೆಯ ಪದಗಳಲ್ಲೇ ಹುಡುಕಬೇಕು.

ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್ ಅರಣ್ಯದಲ್ಲಿರುವ ನಾರ್ಬೆಕ್ ಧಾಮವನ್ನೇ ನೋಡಿ. 1920ರ ಕಾಯ್ದೆ ಅದನ್ನು ಬೇಟೆಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆಗೆಂದು ಮೀಸಲಿಟ್ಟಿತ್ತು. ಮರ ಕಡಿದರೆ ಆವಾಸಗಳ ವೈವಿಧ್ಯ ಹೆಚ್ಚುತ್ತದೆ, 1976ರ ರಾಷ್ಟ್ರೀಯ ಅರಣ್ಯ ನಿರ್ವಹಣಾ ಕಾಯ್ದೆ ಬಯಸುವುದೂ ಅದನ್ನೇ ಎಂಬ ವಾದದೊಂದಿಗೆ ಫಾರೆಸ್ಟ್ ಸರ್ವಿಸ್ ಅಲ್ಲಿನ ಮರವನ್ನು ಮಾರಲು ಹೊರಟಾಗ ಪರಿಸರವಾದಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ವೈವಿಧ್ಯ ಕಾಪಾಡುವುದೇ ಬೇರೆ, ಕಾಯ್ದೆ ಹೆಸರಿಸಿದ ಪ್ರಾಣಿಪಕ್ಷಿಗಳನ್ನು ರಕ್ಷಿಸುವುದೇ ಬೇರೆ, ಸಾಮಾನ್ಯ ಕಾಯ್ದೆಯನ್ನು ಮುಂದಿಟ್ಟು ಈ ಧಾಮದ ವಿಶೇಷ ಕಾಯ್ದೆಯನ್ನು ಬದಿಗೊತ್ತಲಾಗದು ಎಂದು ಹತ್ತನೇ ಸರ್ಕ್ಯೂಟ್ (ವಲಯ) ಕೇಂದ್ರ ಮೇಲ್ಮನವಿ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. ಈ ವಿಷಯದಲ್ಲಿ ನಾನು ಓದಿದ ತೀರ್ಪುಗಳ ಪೈಕಿ ಇದೇ ಅತ್ಯಂತ ಸ್ಪಷ್ಟವಾದದ್ದು. ಆದರೆ ಮರುವರ್ಷವೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಪೂರಕ ವೆಚ್ಚದ ಕಾಯ್ದೆಯೊಂದರಲ್ಲಿ ಒಂದು ಕಲಮನ್ನು ಸೇರಿಸಿ, ಅಲ್ಲಿ ಮರ ಕಡಿಯಲು ದಾರಿ ಮಾಡಿಕೊಟ್ಟಿತು.

ಇನ್ನು ಬೇಟೆಯ ವಿಷಯ. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯಲ್ಲಿ 1906ರಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಘೋಷಿಸಿದ ಗ್ರ್ಯಾಂಡ್ ಕ್ಯಾನ್ಯನ್ ಧಾಮದ ಕಾಯ್ದೆ ಬೇಟೆಯನ್ನು ನಿಷೇಧಿಸಿತಾದರೂ, ಕೃಷಿ ಕಾರ್ಯದರ್ಶಿಯ (ಕೃಷಿ ಇಲಾಖೆಯ ಮುಖ್ಯಸ್ಥರ, ನಮ್ಮಲ್ಲಿನ ಸಚಿವರಂತೆ) ನಿಯಮಗಳಿಗೆ ಒಳಪಟ್ಟ ಬೇಟೆಯನ್ನು ಅದರಿಂದ ಹೊರಗಿಟ್ಟಿತು. ಜಿಂಕೆಗಳನ್ನು ತಿನ್ನುವ ಪ್ಯೂಮಾ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ), ತೋಳಗಳನ್ನು ಅಲ್ಲಿ ಸರ್ಕಾರವೇ ಕೊಲ್ಲಿಸಿತು. ಜಿಂಕೆಗಳು ಮಿತಿಮೀರಿ ಎಳೆಯ ಮರಗಳನ್ನೂ ಪೊದೆಗಳನ್ನೂ ಮೇಯ್ದು ಹಾಳುಗೆಡವಿದವು. ಹೆಚ್ಚುವರಿ ಜಿಂಕೆಗಳನ್ನು ಹೊಡೆಯಲು ಕಾರ್ಯದರ್ಶಿ ಆದೇಶಿಸಿದರೆ, ಹೊಡೆದವರನ್ನು ಅರಿಜೋನಾದ ಅಧಿಕಾರಿಗಳು ರಾಜ್ಯದ ಬೇಟೆ ಕಾನೂನಿನಡಿ ಬಂಧಿಸಿದರು. ತನ್ನ ಭೂಮಿಗೆ ಹಾನಿಯಾಗದಂತೆ ಕಾಯುವ ಕೇಂದ್ರದ ಅಧಿಕಾರಕ್ಕೆ ರಾಜ್ಯದ ಕಾನೂನು ಅಡ್ಡಿಯಾಗದು ಎಂದು 1928ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೊಂದು ಷರತ್ತನ್ನೂ ವಿಧಿಸಿತು: ಧಾಮದಿಂದಾಚೆ ಸಾಗಿಸುವ ಪ್ರತಿಯೊಂದು ಜಿಂಕೆಯ ದೇಹಕ್ಕೂ, ಅದು ಕಾರ್ಯದರ್ಶಿಯ ಆದೇಶದಂತೆ ಧಾಮದೊಳಗೇ ಸತ್ತದ್ದೆಂದು ತೋರಿಸುವ ಚೀಟಿಯೋ ಗುರುತೋ ಇರಲೇಬೇಕು.