ದನಿ ಕೇಳಿ ಶ್ವಾಸಕೋಶದ ಸ್ಥಿತಿ ಹೇಳುವ ಆ್ಯಪ್: ಎಷ್ಟು ನಂಬಬೇಕು?

ಓದುಗರ ಪತ್ರ: ನಮ್ಮ ತಂದೆಗೆ 68 ವರ್ಷ, ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ದಿನಾ ಫೋನಿನ ಮುಂದೆ ‘ಆ’ ಎಂದರೆ ಕಾಯಿಲೆ ಜೋರಾಗುವುದನ್ನು ಮೊದಲೇ ತಿಳಿಸುತ್ತದೆ ಎನ್ನುವ ಆ್ಯಪ್ ಹಾಕಿಕೊಟ್ಟಿದ್ದೇನೆ. ಒಂದು ದಿನ ಹಸಿರು, ಮರುದಿನ ಕೆಂಪು. ಅಪ್ಪ ಮಾತ್ರ ಆರಾಮಾಗಿದ್ದಾರೆ. ಇದನ್ನು ನಂಬಬಹುದೆ? – ಓದುಗರು, ಮಲ್ಲೇಶ್ವರ, ಬೆಂಗಳೂರು

ಸಂಪಾದಕರ ಉತ್ತರ: ಮಾನ್ಯರೇ, ಒಂದು ದಿನದ ಬಣ್ಣ ನೋಡಿ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ನಿಮ್ಮ ತಂದೆಯವರ ಇಂದಿನ ದನಿಯನ್ನು ಅವರದೇ ಹಿಂದಿನ ದಿನಗಳ ದನಿಯ ಜೊತೆ ಹೋಲಿಸಿದಾಗ ಮಾತ್ರ ಈ ತಂತ್ರದಿಂದ ಪ್ರಯೋಜನ.

ಸಿಒಪಿಡಿಯಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಮಾತಿಗೆ ಬೇಕಾದ್ದು ಆ ಹೊರಬರುವ ಗಾಳಿಯೇ. ಹಾಗಾಗಿ ಕಾಯಿಲೆ ಉಲ್ಬಣಿಸುವಾಗ ಒಂದೇ ಉಸಿರಿನ ‘ಆ’ ಗಿಡ್ಡವಾಗಬಹುದು, ವಾಕ್ಯದ ನಡುವೆ ಉಸಿರೆಳೆದುಕೊಳ್ಳುವುದು ಹೆಚ್ಚಬಹುದು. ಆ್ಯಪ್‌ಗಳು ಇವುಗಳ ಜೊತೆಗೆ ಜಿಟರ್, ಶಿಮರ್ ಎಂಬ ಎರಡನ್ನೂ ಅಳೆಯುತ್ತವೆ. ಮೊದಲನೆಯದು ಸ್ಥಾಯಿಯ, ಎರಡನೆಯದು ದನಿಯ ಜೋರಿನ ಸೂಕ್ಷ್ಮ ಕಂಪನ. ಇವೆರಡೂ ಶ್ವಾಸಕೋಶಕ್ಕಿಂತ ಗಂಟಲಿನ ಧ್ವನಿತಂತುಗಳ ಸ್ಥಿತಿಯನ್ನೇ ಹೆಚ್ಚು ಹೇಳುತ್ತವೆ. ನಿಮ್ಮ ತಂದೆಯವರ ಇನ್ಹೇಲರಿನಲ್ಲಿ ಸ್ಟೀರಾಯ್ಡ್ ಇದ್ದರೆ ಗಂಟಲು ಕಟ್ಟುವುದು ಸಾಮಾನ್ಯ. ನೆಗಡಿ, ಆಸಿಡಿಟಿಯಿಂದಲೂ ಹಾಗಾಗುತ್ತದೆ. ಆರಾಮಾಗಿದ್ದರೂ ಕೆಂಪು ಬರಲು ಇದೊಂದು ಕಾರಣವಿರಬಹುದು. ಪ್ರತಿ ಬಾರಿ ಪಫ್ ತೆಗೆದುಕೊಂಡ ಮೇಲೆ ನೀರು ಮುಕ್ಕಳಿಸಿ ಉಗುಳಲಿ. ಒತ್ತಿ ಸಿಂಪಡಿಸುವ ಬಗೆಯ ಇನ್ಹೇಲರಾದರೆ ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಟೊಳ್ಳು ಕೊಳವೆ) ಬಳಸಲಿ.

ಇನ್ನೊಂದು ಕಾರಣ ರೆಕಾರ್ಡಿಂಗ್. ಕರೆ ಮಾಡುವಾಗ ಸದ್ದು ತಗ್ಗಿಸಲೆಂದು ಫೋನಿನಲ್ಲಿರುವ ವ್ಯವಸ್ಥೆ ಉಸಿರಿನ ಸದ್ದನ್ನೂ ಗದ್ದಲವೆಂದೇ ತಿಳಿದು ಅಳಿಸಿಬಿಡುತ್ತದೆ. ವಾಟ್ಸಾಪ್ ಧ್ವನಿ ಸಂದೇಶವನ್ನು ಕುಗ್ಗಿಸಿ ಕಳಿಸುವುದರಿಂದ ಸೂಕ್ಷ್ಮ ಅಳತೆಗೆ ಅದು ತಕ್ಕದ್ದಲ್ಲ. ಒಂದೇ ಫೋನ್, ಒಂದೇ ಕೋಣೆ, ಒಂದೇ ಹೊತ್ತು ಇರಲಿ. ಫ್ಯಾನ್ ಆರಿಸಿ, ರಸ್ತೆ ಕಡೆಯ ಕಿಟಕಿ ಮುಚ್ಚಿ. ಅಡುಗೆಮನೆಯಲ್ಲಿ ಮಿಕ್ಸಿ, ಕುಕ್ಕರ್ ಸದ್ದು ಮಾಡುತ್ತಿದ್ದರೆ ಕಾಯಿರಿ. ಎದ್ದು ಎರಡು ಗುಟುಕು ನೀರು ಕುಡಿದು, ಹತ್ತು ನಿಮಿಷ ಕೂತು, ಬೆಳಗಿನ ಪಫ್‌ಗೆ ಮೊದಲು ಮಾಡಲಿ. ಪಫ್ ಆದ ಮೇಲೆ ಶ್ವಾಸನಾಳ ಅಗಲವಾಗಿ ಅಳತೆಯೇ ಬದಲಾಗಬಹುದು. (ಆದರೆ ಉಬ್ಬಸ ಇದ್ದರೆ ಮೊದಲು ಔಷಧ. ರೆಕಾರ್ಡಿಂಗ್‌ಗಾಗಿ ಪಫ್ ತಡ ಮಾಡುವುದು ಸರ್ವಥಾ ಬೇಡ.) ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿರಲಿ, ನೇರ ಹಿಡಿದರೆ ಉಸಿರಿನ ಗಾಳಿ ಮೈಕಿಗೆ ಬಡಿಯುತ್ತದೆ. ಮೂರು ಸಲ ‘ಆ’ ಎಳೆಯಲಿ, ನಡುನಡುವೆ ಸುಧಾರಿಸಿಕೊಳ್ಳಲಿ. ಆಮೇಲೆ ಒಂದರಿಂದ ಮೂವತ್ತರವರೆಗೆ ಸಹಜ ವೇಗದಲ್ಲಿ ಕನ್ನಡದಲ್ಲೇ ಎಣಿಸಲಿ. ಎಲ್ಲೆಲ್ಲಿ ಉಸಿರೆಳೆದುಕೊಂಡರು ಎಂದು ನೀವೂ ಗುರುತು ಹಾಕಿಕೊಳ್ಳಿ. ನನ್ನ ಮಟ್ಟಿಗೆ ಈ ಎಣಿಕೆ ಆ್ಯಪಿನ ಬಣ್ಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಆರಾಮಾಗಿರುವಾಗಲೇ ಎರಡು ವಾರ ಹೀಗೆ ಮಾಡಿದರೆ ಅವರ ಮಾಮೂಲು ಮಟ್ಟ ಸಿಗುತ್ತದೆ. ಅದಕ್ಕಿಂತ ಎರಡು ಮೂರು ದಿನ ಒಂದೇ ಸಮನೆ ‘ಆ’ ಗಿಡ್ಡವಾದರೆ ಅಥವಾ ಎಣಿಸುವಾಗ ಉಸಿರೆಳೆದುಕೊಳ್ಳುವುದು ಹೆಚ್ಚಿದರೆ ವೈದ್ಯರಿಗೆ ಫೋನ್ ಮಾಡಿ.

ಬೇರೆಯವರ ದನಿಯ ಜೊತೆ ಹೋಲಿಸುವ ದಾರಿ ಎಷ್ಟು ಜಾರುವಂಥದ್ದೆಂದು ಕೋವಿಡ್ ಕಾಲದಲ್ಲೇ ಕಂಡಿದ್ದೇವೆ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2020ರಲ್ಲಿ ದನಿಯಿಂದ ಕೋವಿಡ್ ಪತ್ತೆಹಚ್ಚಲೆಂದು ‘ಕೋಸ್ವರ’ ಯೋಜನೆಯಡಿ ಕೆಮ್ಮು, ಉಸಿರು, ಸ್ವರ, ಎಣಿಕೆಗಳನ್ನು ಸಂಗ್ರಹಿಸಿತ್ತು. ಬ್ರಿಟನ್ನಿನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಧ್ವನಿ ಪರೀಕ್ಷಿಸಿದಾಗ, ರೋಗಲಕ್ಷಣಗಳನ್ನು ಕೇಳಿ ತಿಳಿಯುವುದಕ್ಕಿಂತ ಯಂತ್ರ ಹೆಚ್ಚೇನೂ ಹೇಳಲಿಲ್ಲ.

ಆ್ಯಪ್ ಹಸಿರು ತೋರಿಸಿದರೂ ಏದುಸಿರು ಹೆಚ್ಚಿದರೆ, ಕಫ ಜಾಸ್ತಿಯಾದರೆ ಅಥವಾ ಅದರ ಬಣ್ಣ ಹಳದಿ-ಹಸಿರಾದರೆ ಅದೇ ದಿನ ವೈದ್ಯರನ್ನು ಕಾಣಿ. ಕೂತಲ್ಲೇ ಒಂದು ವಾಕ್ಯ ಮುಗಿಸಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಅಥವಾ ಬೆಚ್ಚಗಿನ ಬೆರಳಿಗೆ ಹಾಕಿದ ಆಕ್ಸಿಮೀಟರ್ 88ಕ್ಕಿಂತ ಕೆಳಗೇ ನಿಂತರೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಆಕ್ಸಿಜನ್ ಇದ್ದರೆ ನೀವಾಗಿಯೇ ಹೆಚ್ಚಿಸಬೇಡಿ. ಸಿಒಪಿಡಿ ಇರುವವರಿಗೆ ಆಕ್ಸಿಜನ್ ಕೊಡುವಾಗ ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ 88ರಿಂದ 92ರ ಗುರಿ ಇಡುತ್ತಾರೆ, ಆಕ್ಸಿಜನ್ ಹೆಚ್ಚಾಗಿ ಅದು ಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿದೆ.

ಮುಂದಿನ ಭೇಟಿಗೆ ಎಣಿಕೆಯ ಪುಸ್ತಕವನ್ನೂ ಇನ್ಹೇಲರನ್ನೂ ಒಯ್ಯಿರಿ. ಪಫ್ ಎಳೆದುಕೊಳ್ಳುವ ರೀತಿಯನ್ನು ನಿಮ್ಮ ತಂದೆಯವರು ವೈದ್ಯರ ಎದುರೇ ಮಾಡಿ ತೋರಿಸಲಿ.